ಒಣಗುವ ತನಕ: ಕಾರ್ಡು, ಡಬ್ಬಿ ಮತ್ತು ನಮ್ಮ ಮಳೆ

(ಚಿಕ್ಕಮಗಳೂರಿನಲ್ಲಿ ಕಾಗದದ ಕರಕುಶಲ ಕಲಿಯಲು ಸೇರಿದ್ದವರ ಮುಂದೆ ಆಡಿದ ಮಾತುಗಳ ಬರಹ ರೂಪ)

ಮೊದಲು ಈ ಡಬ್ಬಿಯನ್ನು ಒಬ್ಬರಿಂದ ಒಬ್ಬರಿಗೆ ದಾಟಿಸಿ. ಸುಮ್ನೆ ನೋಡಿ ಕೊಡಬೇಡಿ. ಮುಚ್ಚಳ ತೆಗೆದು ಒಮ್ಮೆ ಮೂಸಿ. ಮಳೆಗಾಲ ಪೂರ್ತಿ ಬಾಗಿಲು ಹಾಕಿಟ್ಟ ಕೋಣೆಯ ವಾಸನೆ ಬರುತ್ತದೆ, ಅಲ್ವಾ? ಹೊರಗಡೆ ನೋಡಿದರೆ ನೀಲಿ ಕಾಗದ, ಮೇಲೆ ಜರಿ ಅಂಚು, ಸೇವಂತಿಗೆ ಚಿತ್ರ. ಆ ಸೇವಂತಿಗೆಯ ಪಕ್ಕದಲ್ಲೇ ಬೂದಿ ಬಣ್ಣದ ಮಚ್ಚೆಗಳಿವೆ. ಅದು ನಾನು ಹಚ್ಚಿದ ಬಣ್ಣ ಅಲ್ಲ. ಬೂಷ್ಟು. ಕೆಳಗೆ ತಳದ ಹತ್ತಿರ ಕಂದು ಗೆರೆ ಇಳಿದಿದೆ. ಅದು ತುಕ್ಕು.

ಈ ಡಬ್ಬಿಯನ್ನು ನಾನು ಮಾಡಿದ್ದು ಒಂದು ಪುಷ್ಯ ಮಳೆಯಲ್ಲಿ. ಗೌರಿ ಹಬ್ಬಕ್ಕೆ ತಂಗಿಗೆ ಬಾಗಿನದ ಜೊತೆ ಒಂದು ಬಳೆ ಡಬ್ಬಿ ಕೊಡಬೇಕು ಅನ್ನುವ ಆಸೆ. ಕೈಯಲ್ಲಿ ಒಂದೇ ದಿನ ಬಿಡುವಿತ್ತು. ಬೆಳಗ್ಗೆ ಕೂತೆ, ಸಂಜೆಗೆ ಎದ್ದೆ. ಒಂದೇ ದಿನದಲ್ಲಿ ಕಾಗದ, ಅಂಟು, ಬಣ್ಣ, ವಾರ್ನಿಶ್ ಎಲ್ಲ ಆಯಿತು. ಕೈಗೆ ಒಣಗಿದ ಹಾಗೆಯೇ ತಾಗುತ್ತಿತ್ತು. ಮೂರು ವಾರ ಬಿಟ್ಟು ಬೀರುವಿನಿಂದ ತೆಗೆದಾಗ ಹೀಗಿತ್ತು. ತಂಗಿಗೆ ಕೊಡಲಾಗಲಿಲ್ಲ. ನಾನು ಎಸೆಯಲೂ ಇಲ್ಲ. ಇಷ್ಟು ವರ್ಷದಿಂದ ಇಟ್ಟುಕೊಂಡಿದ್ದೇನೆ, ಯಾಕೆಂದರೆ ಈ ಕೆಲಸದಲ್ಲಿ ನನಗೆ ಪಾಠ ಹೇಳಿದ್ದು ಇದೇ.

ಆಗಿದ್ದು ಇಷ್ಟು. ಅಂಟಿನಲ್ಲಿ ನೀರಿದೆ. ಆ ನೀರನ್ನು ಕಾಗದ ಕುಡಿದಿತ್ತು. ಅದು ಹೊರಗೆ ಹೋಗುವ ಮೊದಲೇ ನಾನು ಮೇಲೆ ವಾರ್ನಿಶ್ ಬಳಿದು ಬಾಗಿಲು ಹಾಕಿಬಿಟ್ಟೆ. ಒಳಗಡೆ ತಗಡು, ಹೊರಗಡೆ ವಾರ್ನಿಶ್, ನಡುವೆ ಸಿಕ್ಕಿಬಿದ್ದ ತೇವ. ತಗಡಿನ ಕಡೆ ಅದು ತುಕ್ಕಾಯಿತು, ಕಾಗದದ ಕಡೆ ಬೂಷ್ಟಾಯಿತು.

ಇವತ್ತು ಸಾಮಾನು ಅಂಗಡಿಗಳಲ್ಲಿ ಬೇಕಾದಷ್ಟು ಸಿಗುತ್ತದೆ. ವಿಡಿಯೋಗಳೂ ಬೇಕಾದಷ್ಟಿವೆ. ಆದರೆ ಆ ವಿಡಿಯೋಗಳಲ್ಲಿ ಹತ್ತು ನಿಮಿಷಕ್ಕೆ ಒಣಗುವ ಅಂಟು ನಮ್ಮ ಮೂಡಿಗೆರೆ, ಕೊಪ್ಪ, ಶೃಂಗೇರಿ ಕಡೆ ಜುಲೈನಲ್ಲಿ ಒಂದು ಹಗಲು ಒಂದು ರಾತ್ರಿ ತೆಗೆದುಕೊಳ್ಳುತ್ತದೆ. ಆದ್ದರಿಂದ ನಾನು ಇವತ್ತು ಡಿಸೈನಿಗಿಂತ ಜಾಸ್ತಿ ನೀರಿನ ಬಗ್ಗೆ ಮಾತಾಡುತ್ತೇನೆ. ಕಾಗದಕ್ಕೂ ನೀರಿಗೂ ಏನು ಸಂಬಂಧ ಅಂತ ಕೈಗೆ ಗೊತ್ತಾದರೆ ಡಿಸೈನು ನೀವೇ ಮಾಡುತ್ತೀರಿ.

ನಿಮ್ಮ ಮುಂದೆ ಹಳೆಯ ಪೇಪರ್ ಇದೆ. ಮೇಲಿನಿಂದ ಕೆಳಕ್ಕೆ ಹರಿಯಿರಿ. ಸಲೀಸಾಗಿ, ನೆಟ್ಟಗೆ ಹರಿಯಿತು. ಈಗ ಅಡ್ಡಕ್ಕೆ ಹರಿಯಿರಿ. ಸೊಟ್ಟಪಟ್ಟ ಹೋಯಿತು, ಅಲ್ವಾ? ಪೊಟ್ಟಣ ಕಟ್ಟುವವರಿಗೆಲ್ಲ ಇದು ಗೊತ್ತು. ಕಾಗದ ಅಂದರೆ ಸಣ್ಣ ಸಣ್ಣ ನಾರು. ಮಿಲ್ಲಿನಲ್ಲಿ ಕಾಗದ ಓಡುವ ದಿಕ್ಕಿಗೇ ಹೆಚ್ಚಿನ ನಾರು ಮಲಗಿರುತ್ತವೆ. ಅದಕ್ಕೆ ನಾವು ಎಳೆ ಅನ್ನೋಣ. ಎಳೆಯ ಜೊತೆ ಹರಿದರೆ ನೆಟ್ಟಗೆ ಬರುತ್ತದೆ, ಎಳೆಗೆ ಅಡ್ಡ ಹರಿದರೆ ಹಠ ಮಾಡುತ್ತದೆ.

ಈಗ ಇದೊಂದು ಚೌಕದ ಚೂರು. ಒಂದು ಬದಿಗೆ ಮಾತ್ರ ಒದ್ದೆ ಬೆರಳು ಸವರುತ್ತೇನೆ. ನೋಡುತ್ತಾ ಇರಿ. ತಾನಾಗಿಯೇ ಸುರುಳಿ ಸುತ್ತಿಕೊಳ್ಳುತ್ತಿದೆ. ನೀರು ಕುಡಿದಾಗ ನಾರು ಉದ್ದಕ್ಕೆ ಬೆಳೆಯುವುದಿಲ್ಲ, ಅಗಲಕ್ಕೆ ಊದುತ್ತದೆ. ಒದ್ದೆಯಾದ ಬದಿ ಹಿಗ್ಗಿತು, ಒಣ ಬದಿ ಹಾಗೇ ಇತ್ತು, ಅದಕ್ಕೇ ಸುತ್ತಿಕೊಂಡಿತು. ಆ ಸುರುಳಿ ಉದ್ದಕ್ಕೆ ಯಾವ ಕಡೆ ಇದೆಯೋ ಅದೇ ಎಳೆಯ ದಿಕ್ಕು.

ಇದು ಯಾಕೆ ಬೇಕು ಅಂದರೆ, ಗ್ರೀಟಿಂಗ್ ಕಾರ್ಡು ಮಡಿಸುವಾಗ ಮಡಿಕೆ ಎಳೆಯ ಜೊತೆಗೇ ಬರಬೇಕು. ದಪ್ಪ ಹಾಳೆಯನ್ನು ಎಳೆಗೆ ಅಡ್ಡ ಮಡಿಸಿದರೆ ಮಡಿಕೆಯ ಮೇಲೆ ಬಿರುಕು ಬಿಡುತ್ತದೆ. ಬಣ್ಣದ ಹಾಳೆಯಾದರೆ ಬಿರುಕಿನಿಂದ ಬಿಳಿ ಇಣುಕುತ್ತದೆ. ಝೆರಾಕ್ಸ್ ಹಾಳೆ 70, 75 ಜಿಎಸ್‌ಎಂ ಇರುತ್ತದೆ, ಅಂದರೆ ಒಂದು ಚದರ ಮೀಟರ್ ಹಾಳೆ ಅಷ್ಟು ಗ್ರಾಂ ತೂಗುತ್ತದೆ. ಕಾರ್ಡಿಗೆ ಅದು ಸಾಲದು. 220ರಿಂದ 300 ಜಿಎಸ್‌ಎಂ ತನಕದ ಹಾಳೆ ತೆಗೆದುಕೊಳ್ಳಿ. ಇಷ್ಟು ದಪ್ಪದ್ದನ್ನು ಬರೀ ಕೈಯಲ್ಲಿ ಮಡಿಸಬೇಡಿ. ಸ್ಕೇಲ್ ಇಟ್ಟು, ಶಾಯಿ ಮುಗಿದ ಬಾಲ್ ಪೆನ್ನಿನಿಂದ ಒಂದು ಗೀರು ಎಳೆಯಿರಿ. ಆಮೇಲೆ ಮಡಿಸಿ, ಚಮಚದ ಬೆನ್ನಿನಿಂದ ಉಜ್ಜಿ. ಇಷ್ಟು ಮಾಡಿದರೆ ಕಾರ್ಡಿನ ಅರ್ಧ ಅಂದ ಅಲ್ಲೇ ಬಂದುಬಿಡುತ್ತದೆ.

ಕಾರ್ಡಿನ ಮೇಲೆ ಒಂದೇ ಬದಿಗೆ ಕಾಗದ ಅಂಟಿಸಿದರೆ ಕಾರ್ಡು ಬಿಲ್ಲಿನ ಹಾಗೆ ಬಾಗುತ್ತದೆ. ಈಗ ಕಾರಣ ನಿಮಗೇ ಗೊತ್ತು. ಪುಸ್ತಕಕ್ಕೆ ಬೈಂಡು ಹಾಕುವವರು ಇದಕ್ಕೆ ಪರಿಹಾರ ಯಾವತ್ತೋ ಕಂಡುಕೊಂಡಿದ್ದಾರೆ. ರಟ್ಟಿನ ಹೊರಗೆ ಒಂದು ಕಾಗದ ಅಂಟಿಸಿದರೆ ಒಳಗೂ ಒಂದು ಅಂಟಿಸುತ್ತಾರೆ. ಎರಡೂ ಕಡೆ ಎಳೆದಾಟ ಸಮ ಆಗಿ ರಟ್ಟು ನೆಟ್ಟಗೆ ನಿಲ್ಲುತ್ತದೆ. ಕಾರ್ಡಿನ ಒಳಗೆ ಬರೆಯಲು ಒಂದು ತೆಳು ಹಾಳೆ ಅಂಟಿಸುತ್ತೇವಲ್ಲ, ಅದು ಅಂದಕ್ಕೆ ಮಾತ್ರ ಅಲ್ಲ.

ಬೈಂಡಿಂಗ್ ಅಂದ ಕೂಡಲೇ ಅಂಟಿನ ಮಾತು ಬರಲೇಬೇಕು. ನಮ್ಮಲ್ಲಿ ಬೈಂಡರುಗಳು ಬಳಸುತ್ತಿದ್ದದ್ದು ಮೈದಾ ಅಂಟು. ಒಂದು ಲೋಟ ಮೈದಾಕ್ಕೆ ನಾಲ್ಕೈದು ಲೋಟ ನೀರು. ಮೊದಲು ತಣ್ಣೀರಿನಲ್ಲಿ ಗಂಟಿಲ್ಲದ ಹಾಗೆ ಕಲಸಿ, ಆಮೇಲೆ ಸಣ್ಣ ಉರಿಯಲ್ಲಿ ಕೈಬಿಡದೆ ತಿರುವಬೇಕು. ಬೆಳ್ಳಗಿದ್ದದ್ದು ಗಂಜಿಯ ಹಾಗೆ ಪಾರದರ್ಶಕ ಆದಾಗ ಇಳಿಸುವುದು. ಇದು ನಿಧಾನವಾಗಿ ಹಿಡಿಯುತ್ತದೆ. ಕಾಗದ ಸೊಟ್ಟ ಕೂತರೆ ಜಾರಿಸಿ ಸರಿ ಮಾಡಬಹುದು. ತಪ್ಪಾದರೆ ನೀರು ಹಚ್ಚಿ ಬಿಡಿಸಬಹುದು. ಕಾಗದಕ್ಕೆ ಕಾಗದ ಅಂಟಿಸಲು ನನಗೆ ಇವತ್ತಿಗೂ ಇದೇ ಇಷ್ಟ.

ಆದರೆ ಮೈದಾ ಅಂದರೆ ಆಹಾರ. ನಮಗೆ ಮಾತ್ರ ಅಲ್ಲ, ಜಿರಳೆಗೂ, ಪುಸ್ತಕದ ಹುಳುವಿಗೂ, ಬೂಷ್ಟಿಗೂ. ಅದಕ್ಕೇ ಬೈಂಡರುಗಳು ಅಂಟು ಬೇಯಿಸುವಾಗ ಚೂರು ಮೈಲುತುತ್ತ ಹಾಕುತ್ತಿದ್ದರು. ಮೈಲುತುತ್ತ ಅಂದ ಕೂಡಲೇ ಇಲ್ಲಿ ಅರ್ಧ ಜನರ ಮುಖದಲ್ಲಿ ಗುರುತು ಕಾಣುತ್ತಿದೆ. ಹೌದು, ಅದೇ. ತೋಟದ ಮನೆಯವರಿಗೆ ಹೇಳಿಕೊಡಬೇಕಾಗಿಲ್ಲ. ಅಡಿಕೆಯ ಕೊಳೆಗೆ, ಕಾಫಿಯ ಕೊಳೆಗೆ ಸುಣ್ಣದ ಜೊತೆ ಬೆರೆಸಿ ಬೋರ್ಡೋ ದ್ರಾವಣ ಮಾಡಿ ಹೊಡೆಯುತ್ತೀರಲ್ಲ, ಅದೇ ನೀಲಿ ಹರಳು, ತಾಮ್ರದ ಸಲ್ಫೇಟ್. ಶಿಲೀಂಧ್ರ ಕೊಲ್ಲುವ ಅದರ ಗುಣವನ್ನೇ ಬೈಂಡರು ಪುಸ್ತಕದ ಬೆನ್ನಿಗೆ ತಂದ.

ಒಂದು ಎಚ್ಚರಿಕೆ. ಇದು ವಿಷ. ಮಕ್ಕಳು ಕೂತು ಮಾಡುವ ಕೆಲಸಕ್ಕೆ ಬೇಡವೇ ಬೇಡ. ಅಡುಗೆ ಪಾತ್ರೆಯಲ್ಲಿ ಮಾಡಬೇಡಿ. ಇನ್ನೊಂದು ಮಾತು, ಇದು ನಮ್ಮ ಡಬ್ಬಿಗಳಿಗೆ ನೇರ ಸಂಬಂಧ ಇರುವುದು. ಬೋರ್ಡೋ ಸರಿಯಾಗಿದೆಯಾ ಅಂತ ತೋಟದಲ್ಲಿ ಹೇಗೆ ನೋಡುತ್ತೀರಿ? ಕತ್ತಿಯನ್ನು ಅದ್ದಿ ನೋಡುತ್ತೀರಿ. ಕಬ್ಬಿಣದ ಮೇಲೆ ಕೆಂಪಗೆ ತಾಮ್ರ ಕೂತರೆ ಸುಣ್ಣ ಸಾಲದು ಅಂತ ಲೆಕ್ಕ. ಅಂದರೆ ಮೈಲುತುತ್ತ ಕಬ್ಬಿಣವನ್ನು ತಿನ್ನುತ್ತದೆ. ಬಿಸ್ಕತ್ತಿನ ಡಬ್ಬಿ, ಕಾಫಿಪುಡಿ ಡಬ್ಬಿ ಎಲ್ಲ ಒಳಗೆ ಉಕ್ಕಿನ ತಗಡೇ. ಅದಕ್ಕೆ ಮೈಲುತುತ್ತದ ಅಂಟು ಹಾಕಿದರೆ ನಾವೇ ಕೂತು ತುಕ್ಕು ಹಿಡಿಸಿದ ಹಾಗೆ. ಡಬ್ಬಿಗೆ ಮೈದಾ ಬೇಡ. ಫೆವಿಕಾಲ್‌ನಂಥ ಬಿಳಿ ಅಂಟಿಗೆ ಸ್ವಲ್ಪ ನೀರು ಬೆರೆಸಿ ಬಳಸಿ. ಎರಡು ಪಾಲು ಅಂಟು, ಒಂದು ಪಾಲು ನೀರು. ಮಳೆಗಾಲದಲ್ಲಿ ನೀರು ಇನ್ನೂ ಕಡಿಮೆ.

ನಮ್ಮ ಅಜ್ಜಿಗೆ ಫೆವಿಕಾಲ್ ಗೊತ್ತಿರಲಿಲ್ಲ. ಮೈಲುತುತ್ತವನ್ನು ಮನೆಯೊಳಗೆ ಬರಲು ಬಿಡುತ್ತಿರಲಿಲ್ಲ. ಅವರು ಬಳಸುತ್ತಿದ್ದದ್ದು ಮೆಂತ್ಯ. ಹಳೆಯ ಪೇಪರು, ಮಕ್ಕಳ ಹಳೆಯ ನೋಟ್‌ಬುಕ್ಕು ಎಲ್ಲ ಹರಿದು ಎರಡು ಮೂರು ದಿನ ನೀರಲ್ಲಿ ನೆನೆಹಾಕುತ್ತಿದ್ದರು. ನೆನೆದ ಮೆಂತ್ಯದ ಜೊತೆ ಒರಳಿನಲ್ಲಿ ಹಾಕಿ ರುಬ್ಬುತ್ತಿದ್ದರು. ಆ ಹಿಟ್ಟನ್ನು ಬೋರಲು ಹಾಕಿದ ಪಾತ್ರೆಯ ಮೇಲೆ ಬೆರಳ ದಪ್ಪಕ್ಕೆ ಮೆತ್ತಿ ಬಿಸಿಲಿಗೆ ಇಡುತ್ತಿದ್ದರು. ಒಣಗಿದ ಮೇಲೆ ಪಾತ್ರೆಯಿಂದ ಕಳಚಿದರೆ ಹಗುರವಾದ ಬುಟ್ಟಿ. ತೂತು ಬಿದ್ದ ಮೊರಕ್ಕೂ ಇದನ್ನೇ ಬಳಿಯುತ್ತಿದ್ದರು. ಮೆಂತ್ಯದ ಲೋಳೆ ಅಂಟಾಗುತ್ತದೆ, ಕಹಿಗೆ ಹುಳ ಹತ್ತಿರ ಬರುವುದಿಲ್ಲ ಅನ್ನುತ್ತಿದ್ದರು. ಅಜ್ಜಿ ಈ ಕೆಲಸ ಮಾಡುತ್ತಿದ್ದದ್ದು ಬೇಸಿಗೆಯಲ್ಲಿ ಮಾತ್ರ. ಮಳೆ ಹಿಡಿದ ಮೇಲೆ ನಾವು ಎಷ್ಟು ಗೋಗರೆದರೂ ಒರಳಿಗೆ ಕಾಗದ ಹಾಕುತ್ತಿರಲಿಲ್ಲ. ಆ ಪುಷ್ಯ ಮಳೆಯ ದಿನ ನನಗೆ ಅದು ನೆನಪಾಗಬೇಕಿತ್ತು.

ಸ್ವಲ್ಪ ದಾರಿ ಬಿಟ್ಟು ಹೋಗುತ್ತೇನೆ. ಇಲ್ಲಿ ನಿವೃತ್ತರಾದವರು ಹಲವರಿದ್ದೀರಿ. ಬರುವಾಗ ಬಾಗಿಲಲ್ಲಿ ಒಬ್ಬರು, ಈ ವಯಸ್ಸಿಗೆ ಇದೆಲ್ಲ ಕೈಗೆ ಹತ್ತುತ್ತದಾ ಅಂತ ಕೇಳಿದರು. ಇಂಗ್ಲೆಂಡಿನಲ್ಲಿ ಮೇರಿ ಡೆಲಾನಿ ಅಂತ ಒಬ್ಬರಿದ್ದರು. ಹುಟ್ಟಿದ್ದು 1700ರಲ್ಲಿ. ಗಂಡ ತೀರಿಹೋದ ಮೇಲೆ, 72ನೇ ವಯಸ್ಸಿನಲ್ಲಿ, ಬಣ್ಣದ ಕಾಗದ ಕತ್ತರಿಸಿ ಹೂವು ಮಾಡಲು ಶುರು ಮಾಡಿದರು. ಕಪ್ಪು ಹಿನ್ನೆಲೆ. ಅದರ ಮೇಲೆ ಎಸಳು, ಕೇಸರ, ತೊಟ್ಟು, ಎಲೆಯ ನರ, ಎಲ್ಲವೂ ಕಾಗದದ ಚೂರೇ. ಒಂದೊಂದು ಹೂವಿಗೆ ನೂರಾರು ಚೂರು. ಕಣ್ಣು ಮಂಜಾಗುವ ತನಕ, ಸುಮಾರು ಹತ್ತು ವರ್ಷ ಮಾಡಿದರು. ಒಟ್ಟು 985 ಹೂಗಳು. ಇವತ್ತು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ಗಿಡಗಳನ್ನು ಓದಿದವರು ಅದನ್ನು ನೋಡಿ ಇದು ಇಂಥ ಗಿಡ ಅಂತ ಗುರುತಿಸಬಲ್ಲರು, ಅಷ್ಟು ಕರಾರುವಾಕ್ಕು. ಬಾಗಿಲಲ್ಲಿ ಕೇಳಿದ ಅಮ್ಮನಿಗೆ ನನ್ನ ಉತ್ತರ ಇದು. ಕತ್ತರಿ ಹಿಡಿಯಿರಿ.

ಈಗ ಸಾಮಾನಿಗೆ ಬರೋಣ. ಮಿಕ್ಸೆಡ್ ಮೀಡಿಯಾ ಅಂದರೆ ಏನೋ ದೊಡ್ಡದು ಅಂದುಕೊಳ್ಳಬೇಡಿ. ಕಾಗದ, ಬಟ್ಟೆ, ಬಣ್ಣ, ದಾರ, ಎಲೆ, ತಗಡು, ಎಲ್ಲವನ್ನೂ ಒಂದೇ ಕೆಲಸದಲ್ಲಿ ಕೂಡಿಸುವುದು. ಇದಕ್ಕೆ ನಿಮ್ಮ ಮನೆಯಲ್ಲೇ ಇರುವ ದೊಡ್ಡ ಭಂಡಾರ ಅಂದರೆ ಲಗ್ನಪತ್ರಿಕೆ. ಮಾರ್ಗಶಿರದಿಂದ ವೈಶಾಖದ ತನಕ ಎಷ್ಟು ಬಂದು ಬೀಳುತ್ತವೆ! ದಪ್ಪ ಹಾಳೆ, ಬಂಗಾರದ ಬಣ್ಣದ ಅಚ್ಚು, ಉಬ್ಬು ಬಳ್ಳಿ, ರೇಷ್ಮೆ ದಾರ. ಅಂಗಡಿಯಲ್ಲಿ ಅಂಥ ಹಾಳೆ ಕೊಳ್ಳಲು ಹೋದರೆ ಎಷ್ಟು ಕೊಡಬೇಕು ಯೋಚಿಸಿ. ಕೆಲವಕ್ಕೆ ಮೇಲೆ ಪ್ಲಾಸ್ಟಿಕ್ ಪದರ ಇರುತ್ತದೆ. ಅದರ ಮೇಲೆ ಅಂಟು ನಿಲ್ಲುವುದಿಲ್ಲ. ಅಂಥದ್ದನ್ನು ಸ್ಯಾಂಡ್ ಪೇಪರಿನಿಂದ ಹಗುರವಾಗಿ ಉಜ್ಜಿಕೊಳ್ಳಿ.

ಇಲ್ಲಿ ಒಂದು ತೊಡಕಿದೆ. ಪತ್ರಿಕೆಯ ಮೇಲೆ ಗಣಪತಿ ಇರುತ್ತಾನೆ, ಮನೆದೇವರು ಇರುತ್ತಾರೆ, ಮೂಲೆಯಲ್ಲಿ ಅರಿಶಿನ ಕುಂಕುಮ ಇರುತ್ತದೆ. ಎಸೆಯಲು ಮನಸ್ಸು ಬರುವುದಿಲ್ಲ, ಕತ್ತರಿ ಹಾಕಲೂ ಕೈ ಬರುವುದಿಲ್ಲ. ನಾನು ಮಾಡುವುದು ಹೀಗೆ. ದೇವರ ಚಿತ್ರಕ್ಕೆ ಅಡ್ಡ ಕತ್ತರಿ ಹಾಕುವುದಿಲ್ಲ. ಪೂರ್ತಿ ಚಿತ್ರವನ್ನು ಸುತ್ತಲೂ ಜಾಗ ಬಿಟ್ಟು ಕತ್ತರಿಸಿಕೊಳ್ಳುತ್ತೇನೆ. ಅದನ್ನು ಅರಿಶಿನ ಕುಂಕುಮದ ಭರಣಿ, ಊದುಬತ್ತಿ ಡಬ್ಬಿ, ಇಂಥದಕ್ಕೆ ಮಾತ್ರ, ಅದೂ ಮುಚ್ಚಳದ ಮೇಲೆ ಬಳಸುತ್ತೇನೆ. ಉಳಿದ ಬಳ್ಳಿ, ಅಂಚು, ಆನೆ, ನವಿಲು ಬೇರೆ ಕೆಲಸಕ್ಕೆ. ಹೆಸರು ಬರೆದ ಭಾಗವನ್ನು ಮಾತ್ರ ಎತ್ತಿಟ್ಟು, ಆ ದಂಪತಿಯ ಮೊದಲ ವರ್ಷದ ದಿನಕ್ಕೆ ಅವರ ಪತ್ರಿಕೆಯಿಂದಲೇ ಒಂದು ಕಾರ್ಡು ಮಾಡಿ ಕೊಡುತ್ತೇನೆ. ಅದನ್ನು ತೆಗೆದುಕೊಳ್ಳುವಾಗ ಅವರ ಮುಖ ನೀವು ನೋಡಬೇಕು.

ಹಳೆಯ ಫೋಟೋ ಬಳಸುವುದಾದರೆ ಮೂಲ ಫೋಟೋಕ್ಕೆ ಕೈ ಹಚ್ಚಬೇಡಿ. ಝೆರಾಕ್ಸ್ ಮಾಡಿಸಿ. ಮನೆಯ ಇಂಕ್‌ಜೆಟ್ ಪ್ರಿಂಟರಿನದು ಅಂಟಿನ ನೀರು ತಾಗಿದರೆ ಬಣ್ಣ ಕದಡಿ ಹರಿಯುತ್ತದೆ. ಝೆರಾಕ್ಸ್ ಅಂಗಡಿಯದು ಟೋನರ್, ಅಂದರೆ ಬಿಸಿಗೆ ಕರಗಿ ಕಾಗದಕ್ಕೆ ಅಂಟಿದ ಪುಡಿ. ಅದು ನೀರಿಗೆ ಹೆದರುವುದಿಲ್ಲ.

ಹೊಸ ಕಾಗದಕ್ಕೆ ಹಳೆಯ ಬಣ್ಣ ಬರಬೇಕೆಂದರೆ ನಮ್ಮ ಜಿಲ್ಲೆಯವರಿಗೆ ಉಪಾಯ ಅಡುಗೆಮನೆಯಲ್ಲೇ ಇದೆ. ಎರಡನೇ ಡಿಕಾಕ್ಷನ್. ಸಕ್ಕರೆ, ಹಾಲು ತಾಗಿಸಬೇಡಿ, ಇರುವೆ ಬರುತ್ತದೆ. ತಟ್ಟೆಯಲ್ಲಿ ಹಾಕಿ ಕಾಗದ ಅದ್ದಿ ಒಂದೆರಡು ನಿಮಿಷ ಬಿಡಿ. ತೆಗೆದ ಮೇಲೆ, ಇನ್ನೂ ಒದ್ದೆ ಇರುವಾಗಲೇ, ಎರಡು ಚಿಟಿಕೆ ಕಾಫಿಪುಡಿ ಉದುರಿಸಿ. ಒಂದೊಂದು ಕಾಳಿನ ಸುತ್ತ ಒಂದೊಂದು ಕಂದು ಚುಕ್ಕೆ ಬಿಚ್ಚಿಕೊಳ್ಳುತ್ತದೆ. ಒಣಗಿದ ಮೇಲೆ ಪುಡಿ ಕೊಡವಿ. ಈ ಹಾಳೆ ನೋಡಿ, ಮೊನ್ನೆ ಮಾಡಿದ್ದು. ತಾತನ ಕಾಲದ ಪತ್ರದ ಹಾಗಿದೆ. ವಾಸನೆ ಕೂಡ ಕೆಲವು ದಿನ ಇರುತ್ತದೆ. ಕಾಫಿಗೆ ಹುಳಿಗುಣ ಇದೆ, ಕಾಗದ ವರ್ಷಗಳು ಹೋದಂತೆ ಇನ್ನಷ್ಟು ಕಂದಾಗುತ್ತದೆ. ತಲೆಮಾರು ಉಳಿಯಬೇಕಾದ ಕೆಲಸಕ್ಕೆ ಇದು ಬೇಡ.

ಈಗ ಡಬ್ಬಿ. ಡಬ್ಬಿಯ ಕೆಲಸದಲ್ಲಿ ಜನ ಆತುರಪಡುವುದು ಮೊದಲ ಹೆಜ್ಜೆಯಲ್ಲೇ. ಸೋಪಿನ ನೀರಿನಲ್ಲಿ ತೊಳೆದು ಎಣ್ಣೆ ಜಿಡ್ಡು ಪೂರ್ತಿ ತೆಗೆಯಿರಿ. ತುಕ್ಕಿದ್ದರೆ ಉಜ್ಜಿ. ನಯವಾದ ತಗಡಿನ ಮೇಲೆ ಅಂಟಿಗೆ ಹಿಡಿಯಲು ಏನೂ ಸಿಗುವುದಿಲ್ಲ, ಅದಕ್ಕೆ ಇಡೀ ಡಬ್ಬಿಯನ್ನು ಸ್ಯಾಂಡ್ ಪೇಪರಿನಿಂದ ಹೊಳಪು ಹೋಗುವ ತನಕ ಉಜ್ಜಬೇಕು. ಆಮೇಲೆ ಒಂದು ಕೋಟು ಲೋಹದ ಪ್ರೈಮರ್. ಪೇಂಟ್ ಅಂಗಡಿಯಲ್ಲಿ ಗೇಟಿಗೆ ಹೊಡೆಯಲು ಕೊಡುತ್ತಾರಲ್ಲ, ಅದೇ ಸಾಕು. ಇದು ತಗಡಿಗೂ ನಮ್ಮ ಅಂಟಿನ ನೀರಿಗೂ ನಡುವೆ ಗೋಡೆ. ಬೂಷ್ಟು ಹಿಡಿದ ಆ ಡಬ್ಬಿಗೆ ನಾನು ಇದನ್ನೂ ಮಾಡಿರಲಿಲ್ಲ.

ಮುಂದಿನದ್ದನ್ನು ಹತ್ತಿರ ಬಂದು ನೋಡಿ. ಮುಚ್ಚಳ. ಡಬ್ಬಿಗೆ ಮೇಲಿನ ಅಂಚಿನ ತನಕ ಚೆನ್ನಾಗಿ ಕಾಗದ ಅಂಟಿಸುತ್ತೀರಿ, ಬಣ್ಣ ಹಾಕುತ್ತೀರಿ, ವಾರ್ನಿಶ್ ಹಾಕುತ್ತೀರಿ. ಕೊನೆಗೆ ಮುಚ್ಚಳ ಹಾಕಲು ಹೋದರೆ ಕೂರುವುದಿಲ್ಲ. ಒತ್ತಿ ಕೂರಿಸಿದರೆ ತೆಗೆಯುವಾಗ ಕಾಗದ ಸುಲಿದು ಬರುತ್ತದೆ. ಮುಚ್ಚಳಕ್ಕೂ ಡಬ್ಬಿಗೂ ನಡುವೆ ಇರುವ ಜಾಗ ಒಂದು ಕಾಗದದಷ್ಟೂ ಇಲ್ಲ. ಅದಕ್ಕೆ ಮೊದಲೇ ಮುಚ್ಚಳ ಹಾಕಿ, ಅದರ ಅಂಚಿಗೆ ತಾಗಿಸಿ ಪೆನ್ಸಿಲಿನಿಂದ ಸುತ್ತಲೂ ಗೆರೆ ಎಳೆಯಿರಿ. ಈಗ ಮುಚ್ಚಳ ತೆಗೆಯಿರಿ. ಗೆರೆಯಿಂದ ಮೇಲೆ ಏನೂ ಬೇಡ. ಗೆರೆಗಿಂತ ಒಂದು ಕೂದಲೆಳೆ ಕೆಳಗೇ ಕಾಗದ ನಿಲ್ಲಲಿ. ಮೇಲಿನ ಆ ಪಟ್ಟಿಗೆ ಪ್ರೈಮರ್ ಮಾತ್ರ, ಅದೂ ತೆಳ್ಳಗೆ. ಮಳೆಗಾಲದಲ್ಲಿ ಬಣ್ಣ ಬಣ್ಣಕ್ಕೆ ಅಂಟಿಕೊಂಡು ಮುಚ್ಚಳ ಹಿಡಿದುಬಿಡುತ್ತದೆ. ಆ ಪಟ್ಟಿಯ ಸುತ್ತ ಮೋಂಬತ್ತಿ ಉಜ್ಜಿಬಿಡಿ, ಸಲೀಸಾಗಿ ತಿರುಗುತ್ತದೆ.

ಸುತ್ತಳತೆಗೆ ಲೆಕ್ಕ ಬೇಡ. ಕಾಗದದ ಪಟ್ಟಿಯನ್ನೇ ಸುತ್ತಿ, ಒಂದು ಸೆಂಟಿಮೀಟರ್ ಜಾಸ್ತಿ ಬಿಟ್ಟು ಕತ್ತರಿಸಿ. ತಗಡಿನ ಡಬ್ಬಿಗೆ ಹಿಂದೆ ಒಂದು ಜೋಡಣೆಯ ಗೆರೆ ಇರುತ್ತದೆ. ಕಾಗದದ ಎರಡು ತುದಿ ಅಲ್ಲೇ ಸೇರಲಿ. ಕೆಳಗೆ ಕಿರಿದು ಮೇಲೆ ಅಗಲ ಇರುವ ಲೋಟದಂಥ ಡಬ್ಬಿಗೆ ನೆಟ್ಟಗಿನ ಪಟ್ಟಿ ಕೂರುವುದಿಲ್ಲ, ಸೊಟ್ಟ ಹೋಗುತ್ತದೆ. ಮೊದಲು ನ್ಯೂಸ್‌ಪೇಪರ್ ಸುತ್ತಿ ಅಂಚು ಗುರುತು ಮಾಡಿ ಕತ್ತರಿಸಿ. ಬಿಚ್ಚಿದರೆ ಅದು ಬಿಲ್ಲಿನಂತೆ ಬಾಗಿರುತ್ತದೆ. ಅದನ್ನು ಅಳತೆಯಾಗಿ ಇಟ್ಟುಕೊಳ್ಳಿ.

ಹಿಂದಿನ ಸಾಲಿನಿಂದ ಐಸ್‌ಕ್ರೀಂ ಡಬ್ಬಿ, ಮೊಸರಿನ ಡಬ್ಬಿ ಆಗುತ್ತದಾ ಅಂತ ಕೇಳುತ್ತಿದ್ದಾರೆ. ಆ ಮೆತ್ತನೆ ಪ್ಲಾಸ್ಟಿಕ್‌ಗೆ ಸಾಧಾರಣ ಅಂಟು ಯಾವುದೂ ಹಿಡಿಯುವುದಿಲ್ಲ. ಇವತ್ತು ಚೆನ್ನಾಗಿ ಕಾಣುತ್ತದೆ, ನಾಲ್ಕು ತಿಂಗಳಿಗೆ ಸಿಪ್ಪೆಯ ಹಾಗೆ ಎದ್ದು ಬರುತ್ತದೆ. ಅಷ್ಟು ಶ್ರಮ ಅದರ ಮೇಲೆ ಹಾಕಬೇಡಿ. ತಗಡು, ಗಾಜು, ಮರ, ರಟ್ಟು ತೆಗೆದುಕೊಳ್ಳಿ. ಇನ್ನೊಂದು, ಒಳಗೆ ತಿನ್ನುವ ಪದಾರ್ಥ ಇಡುವುದಾದರೆ ಒಳಭಾಗಕ್ಕೆ ಬಣ್ಣ, ವಾರ್ನಿಶ್ ಏನೂ ಬೇಡ.

ಪೇಪರ್ ನ್ಯಾಪ್ಕಿನ್ ಅಂಟಿಸುವವರು ಅದರ ಪದರ ಬಿಡಿಸಿಕೊಳ್ಳಿ. ಅಚ್ಚಿರುವ ಮೇಲಿನ ಪದರ ಮಾತ್ರ ಸಾಕು. ಅದು ಎಷ್ಟು ತೆಳು ಅಂದರೆ ಅಂಟಿಸಿದ ಮೇಲೆ ಕಾಗದ ಅನ್ನಿಸುವುದೇ ಇಲ್ಲ, ಬರೆದ ಚಿತ್ರ ಅನ್ನಿಸುತ್ತದೆ. ಕತ್ತರಿ ಹಾಕಬೇಡಿ. ಒದ್ದೆ ಬ್ರಷ್‌ನಿಂದ ಚಿತ್ರದ ಸುತ್ತ ಗೆರೆ ಎಳೆದು ಮೆಲ್ಲಗೆ ಎಳೆಯಿರಿ. ಹರಿದ ಅಂಚು ಹಿನ್ನೆಲೆಯಲ್ಲಿ ಕರಗಿಹೋಗುತ್ತದೆ.

ಇನ್ನು ಉಬ್ಬು ಕೆಲಸ. ಇದು ನಮಗೆ ಹೊಸದಲ್ಲ. ಮೈಸೂರು ಚಿತ್ರಗಳನ್ನು ನೋಡಿದ್ದೀರಿ. ದೇವರ ಕಿರೀಟ, ಒಡವೆ, ಕಂಬ ಎಲ್ಲ ಮೇಲಕ್ಕೆ ಎದ್ದು ನಿಂತಿರುತ್ತವೆ, ಅದರ ಮೇಲೆ ಚಿನ್ನದ ರೇಕು. ಮಕ್ಕಿ ಸಫೇದ ಅನ್ನುವ ಬಿಳಿ ಪುಡಿಯನ್ನು ಗೋಂದಿನಲ್ಲಿ ಕಲಸಿ ಸಣ್ಣ ಬ್ರಷ್‌ನಲ್ಲಿ ಪದರ ಪದರವಾಗಿ ಏರಿಸುತ್ತಾರೆ. ತಂಜಾವೂರಿನ ಚಿತ್ರಗಳಲ್ಲಿ ಈ ಉಬ್ಬು ದಪ್ಪ, ಕಲ್ಲುಗಳನ್ನೂ ಕೂರಿಸುತ್ತಾರೆ. ನಮ್ಮದು ತೆಳು. ಬೆರಳಾಡಿಸಿದರೆ ಮಾತ್ರ ಗೊತ್ತಾಗುವಷ್ಟು. ನನಗೆ ಆ ಹದವೇ ಇಷ್ಟ. ಕಾರ್ಡಿಗೂ ಅಷ್ಟೇ ಉಬ್ಬು ಸಾಕು.

ನಾವು ಮನೆಯಲ್ಲಿ ಮಾಡುವುದಕ್ಕೆ ಸೀಮೆಸುಣ್ಣದ ಪುಡಿ ಅಥವಾ ಮುಖಕ್ಕೆ ಹಾಕುವ ಪೌಡರ್, ಬಿಳಿ ಅಂಟು, ಒಂದು ಚಮಚ ಬಿಳಿ ಅಕ್ರಿಲಿಕ್ ಬಣ್ಣ. ಇಡ್ಲಿ ಹಿಟ್ಟಿಗಿಂತ ಗಟ್ಟಿ, ಚಪಾತಿ ಹಿಟ್ಟಿಗಿಂತ ಮೆತ್ತಗೆ ಇರಲಿ. ಸ್ಟೆನ್ಸಿಲ್ ಅಂತ ದುಡ್ಡು ಹಾಕಬೇಡಿ. ಜಾತ್ರೆಯಲ್ಲಿ ಹತ್ತು ಇಪ್ಪತ್ತು ರೂಪಾಯಿಗೆ ರಂಗೋಲಿ ಅಚ್ಚು ಸಿಗುತ್ತದಲ್ಲ, ತೂತು ತೂತಿನದು, ಅದೇ ಸ್ಟೆನ್ಸಿಲ್. ಡಬ್ಬಿಯ ಮುಚ್ಚಳದ ಮೇಲೆ ಅಚ್ಚು ಇಟ್ಟು, ಹಳೆಯ ಎಟಿಎಂ ಕಾರ್ಡಿನಿಂದ ಹಿಟ್ಟು ಎಳೆದು, ಅಚ್ಚನ್ನು ನೆಟ್ಟಗೆ ಮೇಲಕ್ಕೆ ಎತ್ತಿ. ಪಕ್ಕಕ್ಕೆ ಎಳೆದರೆ ಕಲಸಿಹೋಗುತ್ತದೆ. ಅಚ್ಚನ್ನು ಕೂಡಲೇ ತೊಳೆಯಿರಿ. ಗೆರೆ ಎಳೆಯಲು ಮೆಹಂದಿ ಕೋನ್ ಮಾಡುವ ಹಾಗೆ ಪ್ಲಾಸ್ಟಿಕ್ ಸುತ್ತಿ ಅದರಲ್ಲಿ ಈ ಹಿಟ್ಟು ತುಂಬಿ. ಮೆಹಂದಿ ಹಾಕಿ ಗೊತ್ತಿರುವ ಹುಡುಗಿಯರು ಇದನ್ನು ನನಗಿಂತ ಚೆನ್ನಾಗಿ ಮಾಡುತ್ತಾರೆ.

ಎಲ್ಲ ಸಾಮಾನು ಕೈಗೆ ಬಂದ ಮೇಲೆ ಬರುವ ಕಷ್ಟ ಅಂದರೆ ಯಾವುದನ್ನು ಎಲ್ಲಿ ಇಡುವುದು. ಇದನ್ನು ಕಲಿಯಲು ನಾನು ಹೋಗಿ ನಿಂತಿದ್ದು ಹಳೇಬೀಡಿನಲ್ಲಿ. ಇಲ್ಲಿಂದ ಹೊರಟರೆ ಮೊದಲು ಬೇಲೂರು, ಆಮೇಲೆ ಹಳೇಬೀಡು. 2023ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಮೇಲೆ ಜನ ಇನ್ನೂ ಜಾಸ್ತಿ ಬರುತ್ತಿದ್ದಾರೆ. ಎಲ್ಲರೂ ಮೇಲಿನ ದೊಡ್ಡ ಮೂರ್ತಿಗಳನ್ನು ನೋಡುತ್ತಾರೆ. ನೀವು ಒಮ್ಮೆ ಹೊಯ್ಸಳೇಶ್ವರ ಗುಡಿಯ ಗೋಡೆಯ ಬುಡ ನೋಡಿ. ಎಲ್ಲಕ್ಕಿಂತ ಕೆಳಗೆ ಆನೆಗಳ ಸಾಲು. ಅದರ ಮೇಲೆ ಸಿಂಹ. ಆಮೇಲೆ ಬಳ್ಳಿ, ಕುದುರೆ ಸವಾರರು, ಮತ್ತೆ ಬಳ್ಳಿ. ಅದರ ಮೇಲೆ ರಾಮಾಯಣ, ಮಹಾಭಾರತದ ಕಥೆಗಳು. ಆಮೇಲೆ ಮಕರ. ಎಲ್ಲಕ್ಕಿಂತ ಮೇಲೆ ಹಂಸ. ಭಾರದ ಪ್ರಾಣಿ ಕೆಳಗೆ, ಹಾರುವ ಹಕ್ಕಿ ಮೇಲೆ. ಅಷ್ಟು ಕೆತ್ತನೆ ಇದ್ದರೂ ಕಣ್ಣಿಗೆ ಗಜಿಬಿಜಿ ಆಗದೇ ಇರುವುದಕ್ಕೆ ಇದೂ ಒಂದು ಕಾರಣ ಅಂತ ನನಗೆ ಅನ್ನಿಸುತ್ತದೆ. ಸಾಲುಗಳ ನಡುವೆ ಬಳ್ಳಿ ಬಂದಾಗ ಕಣ್ಣು ಒಂದು ಕ್ಷಣ ಸುಧಾರಿಸಿಕೊಳ್ಳುತ್ತದೆ.

ಅಲ್ಲಿಂದ ಬಂದ ಮೇಲೆ ನಾನು ಡಬ್ಬಿ ಮಾಡುವ ರೀತಿಯೇ ಬದಲಾಯಿತು. ದಪ್ಪ ಬಟ್ಟೆ, ಗೋಣಿ ನಾರು, ಗಾಢ ಬಣ್ಣ ಎಲ್ಲ ತಳದ ಪಟ್ಟಿಗೆ. ಮೇಲಕ್ಕೆ ಹೋದ ಹಾಗೆ ತೆಳು ಕಾಗದ, ತಿಳಿ ಬಣ್ಣ. ಎರಡು ಗದ್ದಲದ ಪಟ್ಟಿಗಳ ನಡುವೆ ಒಂದು ಸುಮ್ಮನಿರುವ ಪಟ್ಟಿ. ಈ ಎರಡು ಡಬ್ಬಿ ಪಕ್ಕಪಕ್ಕ ಇಡುತ್ತೇನೆ. ಎಡಗಡೆಯದು ಹಳೇಬೀಡಿಗೆ ಹೋಗುವ ಮೊದಲಿನದು, ಬಲಗಡೆಯದು ಆಮೇಲಿನದು. ಸಾಮಾನು ಎರಡರಲ್ಲೂ ಒಂದೇ. ಬಿಡುವಾದಾಗ ಬಂದು ನೋಡಿ.

ಕಾರ್ಡಿನ ಮಾತು ಇನ್ನು ಸ್ವಲ್ಪ ಇದೆ. ನಾನು ಚಿಕ್ಕವಳಿದ್ದಾಗ ಸಂಕ್ರಾಂತಿ ಹತ್ತಿರ ಬಂತೆಂದರೆ ಅಂಗಡಿಗಳ ಮುಂದೆ ದಾರ ಕಟ್ಟಿ ಗ್ರೀಟಿಂಗ್ ಕಾರ್ಡು ನೇತುಹಾಕುತ್ತಿದ್ದರು. ಎಳ್ಳು ಬೆಲ್ಲ, ಕಬ್ಬು, ಕಿಚ್ಚು ಹಾಯಿಸುವ ಎತ್ತು. ಯಾರ್ಯಾರಿಗೆ ಕಳಿಸಬೇಕು ಅಂತ ಮನೆಯಲ್ಲಿ ಪಟ್ಟಿ ಮಾಡುತ್ತಿದ್ದೆವು. ಈಗ ಮೊಬೈಲಿನಲ್ಲಿ ಒಂದೇ ಚಿತ್ರ ನೂರು ಜನಕ್ಕೆ ಹೋಗುತ್ತದೆ. ಕೈಯಲ್ಲಿ ಮಾಡಿದ ಒಂದು ಕಾರ್ಡು ಒಬ್ಬರಿಗೇ ಹೋಗುತ್ತದೆ. ಅದನ್ನು ಪಡೆದವರು ಎಸೆಯುವುದಿಲ್ಲ. ನಾನು ಕಳಿಸಿದ ಕಾರ್ಡುಗಳನ್ನು ಎಷ್ಟೋ ಮನೆಗಳಲ್ಲಿ ದೇವರ ಮನೆಯ ಗೂಡಿನಲ್ಲಿ, ಶೋಕೇಸಿನ ಗಾಜಿನ ಹಿಂದೆ ವರ್ಷಗಳ ಮೇಲೂ ಕಂಡಿದ್ದೇನೆ.

ಅಂಚೆಯಲ್ಲಿ ಕಳಿಸುವ ಕಾರ್ಡಿಗೆ ಮಣಿ, ಗುಂಡಿ, ಕನ್ನಡಿ ಬೇಡ. ಠಸ್ಸೆ ಬೀಳುವಾಗ ಒಡೆಯುತ್ತವೆ, ಕವರನ್ನೂ ಹರಿಯುತ್ತವೆ. ಕೈಯಲ್ಲಿ ಕೊಡುವ ಕಾರ್ಡಿಗೆ ಇರಲಿ.

ಕೊನೆಗೆ ನಮ್ಮ ಮಲೆನಾಡಿನಲ್ಲಿ ಕಾಸಿಲ್ಲದೆ ಸಿಗುವ ಒಂದು ಅಲಂಕಾರ ತೋರಿಸುತ್ತೇನೆ. ತೋಟದ ದರೆಯಲ್ಲಿ ಬೆಳೆಯುವ ಜರೀಗಿಡ, ಎಲೆಯ ಹಿಂಭಾಗ ಬೆಳ್ಳಗೆ ಪುಡಿ ಇರುವ ಜಾತಿ. ಶಾಲೆಯಿಂದ ಬರುವಾಗ ಕೈಮೇಲೆ ಇಟ್ಟು ಹೊಡೆದುಕೊಂಡು ಬೆಳ್ಳಿ ಹಚ್ಚೆ ಹಾಕಿಕೊಳ್ಳುತ್ತಿದ್ದೆವಲ್ಲ, ಅದೇ. ನೆನಪಾಯಿತಾ? ಕಪ್ಪು ಹಾಳೆ ಇಡಿ. ಎಲೆಯ ಬೆನ್ನು ಕೆಳಗೆ ಮಾಡಿ ಇಟ್ಟು, ಮೇಲೊಂದು ಕಾಗದ ಹಾಕಿ, ಅಂಗೈಯಿಂದ ಒಮ್ಮೆ ಗಟ್ಟಿಯಾಗಿ ಒತ್ತಿ. ಉಜ್ಜಬೇಡಿ. ನೇರವಾಗಿ ಎತ್ತಿ. ನೋಡಿ, ಒಂದೊಂದು ಗರಿಯ ಒಂದೊಂದು ಹಲ್ಲು ಬಿದ್ದಿದೆ. ಇದರ ಮೇಲೆ ವಾರ್ನಿಶ್ ಹಾಕಬೇಡಿ, ಬ್ರಷ್ ತಾಗಿದರೆ ಪುಡಿ ಎದ್ದು ಹೋಗುತ್ತದೆ. ಪಾರದರ್ಶಕ ಹಾಳೆ ಹೊದಿಸಿ ಅಂಚಿಗೆ ಮಾತ್ರ ಟೇಪು ಹಾಕಿ. ಕಾಫಿ ಹೂವು ಒತ್ತಿ ಇಡುತ್ತೇನೆ ಅಂತ ಪ್ರತಿ ವರ್ಷ ಯಾರಾದರೂ ಬರುತ್ತಾರೆ. ಆ ಬಿಳುಪು ನಿಲ್ಲುವುದಿಲ್ಲ, ಕಂದಾಗುತ್ತದೆ. ಎಲೆ ಮತ್ತು ಜರೀಗಿಡ ಮಾತ್ರ ಮೋಸ ಮಾಡುವುದಿಲ್ಲ.

ಒಣಗಿಸುವ ಬಗ್ಗೆ ಒಬ್ಬರು ಚೀಟಿ ಕಳಿಸಿದ್ದಾರೆ, ಹೇರ್ ಡ್ರೈಯರ್ ಹಿಡಿಯಬಹುದಾ ಅಂತ. ದೂರದಿಂದ, ಕಡಿಮೆ ಬಿ‌ಸಿಯಲ್ಲಿ ಹಿಡಿಯಬಹುದು. ಹತ್ತಿರ ಹಿಡಿದರೆ ಬಣ್ಣ ಗುಳ್ಳೆ ಏಳುತ್ತದೆ, ಮೇಲಿನ ಪದರ ಒಣಗಿ ಒಳಗಿನದು ಹಸಿಯಾಗೇ ಉಳಿಯುತ್ತದೆ. ಹಳೆಯ ಮನೆಗಳಲ್ಲಿ ಒಲೆಯ ಮೇಲಿನ ಅಟ್ಟ ಇತ್ತು, ಏನೇ ಇಟ್ಟರೂ ಒಣಗುತ್ತಿತ್ತು. ಬಚ್ಚಲ ಒಲೆ ಇರುವವರು ಆ ಗೋಡೆಯ ಇನ್ನೊಂದು ಬದಿಗೆ ಇಡಿ. ಇಲ್ಲದವರು ಫ್ರಿಜ್ಜಿನ ಹಿಂಭಾಗದ ಹತ್ತಿರ. ಒಣಗಿತಾ ಇಲ್ಲವಾ ಅಂತ ಬೆರಳಿನಿಂದ ನೋಡಬೇಡಿ, ಬೆರಳು ಮೋಸ ಹೋಗುತ್ತದೆ. ಕೆನ್ನೆಗೆ ತಾಗಿಸಿ. ತಣ್ಣಗಿದ್ದರೆ ಒಳಗೆ ಇನ್ನೂ ನೀರಿದೆ. ವಾರ್ನಿಶ್‌ಗೆ ಮೊದಲು, ಮಳೆಗಾಲವಾದರೆ, ನಾನು ಈಗ ಒಂದು ವಾರ ಬಿಡುತ್ತೇನೆ.

ಆ ಬಳೆ ಡಬ್ಬಿ ಎಲ್ಲರ ಕೈಗೂ ಬಂತಾ? ಬಂದಿದ್ದರೆ ವಾಪಸ್ ಕೊಡಿ, ಅದನ್ನು ಜೋಪಾನವಾಗಿ ಇಡಬೇಕು. ಈಗ ನೀವು ತಂದ ಡಬ್ಬಿ ತೆಗೆಯಿರಿ. ಸ್ಯಾಂಡ್ ಪೇಪರ್ ಈ ಮೇಜಿನ ಮೇಲಿದೆ, ಪ್ರೈಮರ್ ಕಿಟಕಿ ಹತ್ತಿರ. ಮುಚ್ಚಳದ ಗೆರೆ ಎಳೆದವರು ನನಗೊಮ್ಮೆ ತೋರಿಸಿ ಮುಂದೆ ಹೋಗಿ. ಇವತ್ತು ಒಂದೇ ಪದರ. ಎರಡನೆಯದಕ್ಕೆ ಮುಂದಿನ ಭಾನುವಾರ ಸೇರೋಣ.